ಕೊಕ್ಕರೆಯ ಕಾಲಲ್ಲಿ ನೀರಿನ ಅಳತೆ

ಕೊಳ್ಳೇಗಾಲ
ಜನವರಿ ಕೊನೆಯ ಭಾನುವಾರ, ರಾತ್ರಿ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಮಂಡಿನೋವಿನ ನೆಪ ಹೇಳೋಣ ಅಂದರೆ, ಮಂಡಿಗೂ ಕಾಗದ ಬರೆಯೋದಕ್ಕೂ ಏನಕ್ಕಾ ಸಂಬಂಧ ಅಂತ ನೀನೇ ಕೇಳುತ್ತೀಯ. ನಿಜ ಹೇಳಬೇಕೆಂದರೆ, ನಿನಗೆ ಉತ್ತರ ಬರೆಯುವ ಮುಂಚೆ ನಾನೂ ಒಂದು ಸುತ್ತು ಹೋಗಿ ಬರಬೇಕು ಅನ್ನಿಸಿತು. ನಿನ್ನೆ ಬೆಳಿಗ್ಗೆ ಹೋದವಳು ಇವತ್ತು ಸಂಜೆ ಬಂದೆ. ಕಾಲು ತೊಳೆದು, ಒಂದು ಲೋಟ ಕಾಫಿ ಕುಡಿದು, ಬರೆಯಲು ಕೂತಿದ್ದೇನೆ.

ದೋಣಿಯಲ್ಲಿ ಕೂತು ಅಘನಾಶಿನಿಯ ಅಳಿವೆ ಸುತ್ತಿದ್ದು, ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಮಿಂಚುಳ್ಳಿ ಕಂಡದ್ದು, ಇಳಿತದ ಹೊತ್ತಿಗೆ ಹೆಂಗಸರು ಕೆಸರಿಗಿಳಿದು ಚಿಪ್ಪು ಹೆಕ್ಕುತ್ತಿದ್ದದ್ದು, ಎಲ್ಲವನ್ನೂ ಚೆನ್ನಾಗಿ ಬರೆದಿದ್ದೀಯ. ಆ ಅಳಿವೆ 2024ರಲ್ಲಿ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ್ದನ್ನು ಪೇಪರಿನಲ್ಲಿ ಓದಿ, ಇದು ನಮ್ಮ ಪುಟ್ಟಿಯ ಮನೆ ಹತ್ತಿರದ್ದು ಅಂತ ಪಕ್ಕದ ಮನೆಯವರಿಗೂ ತೋರಿಸಿದ್ದೆ. ಕಾಗದದ ಹಿಂದೆ ನಂಬರು ಹಾಕಿ 42 ಹಕ್ಕಿಗಳ ಪಟ್ಟಿ ಬೇರೆ ಕೊಟ್ಟಿದ್ದೀಯ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕೊನೆಯಲ್ಲೊಂದು ಕೊಂಕು: 'ಅಕ್ಕ, ನಿನಗೆ ಕಡಲಿಲ್ಲವಲ್ಲ, ಪಾಪ.'

ಇಲ್ಲ ಕಣೇ. ಕೊಳ್ಳೇಗಾಲಕ್ಕೆ ಕಡಲಿಲ್ಲ, ಹನೂರಿಗಿಲ್ಲ, ಯಳಂದೂರಿಗೂ ಇಲ್ಲ. ಆದರೆ ನಮ್ಮ ನೀರಿಗೆ ಕಡಲಿದೆ. ನಮ್ಮ ತವರೂರ ಕೆರೆಯ ಕೋಡಿ ಬಿದ್ದ ನೀರು ಹಳ್ಳ ಹಿಡಿದು ಸುವರ್ಣಾವತಿಗೆ ಸೇರುತ್ತಿತ್ತು. ಸುವರ್ಣಾವತಿ ಕಾವೇರಿಗೆ. ಕಾವೇರಿ ಭರಚುಕ್ಕಿಯಲ್ಲಿ ಧುಮುಕಿ, ಹನೂರಿನ ಕಾಡಂಚಿನಲ್ಲಿ ಹರಿದು, ಹೊಗೇನಕಲ್ಲು ದಾಟಿ ಮೂಡಣ ಕಡಲಿಗೆ. ಆ ನೀರು ಕಡಲು ಸೇರುವ ಸೀಮೆಯ ತೆಂಕಣ ಮೂಲೆಯಲ್ಲಿ ಕೋಡಿಕ್ಕರೈ ಅಂತ ಒಂದು ಜಾಗವಿದೆ. ಒಂದು ಕಡೆ ಕುರುಚಲು ಕಾಡು, ಅದರಲ್ಲಿ ಕೃಷ್ಣಮೃಗ. ಇನ್ನೊಂದು ಕಡೆ ಉಪ್ಪುನೀರಿನ ಜೌಗು, ಅದರಲ್ಲಿ ಚಳಿಗಾಲಕ್ಕೆ ಬಂದಿಳಿಯುವ ರಾಜಹಂಸಗಳು. ಅದು 2002ರಲ್ಲೇ ರಾಮ್ಸರ್ ಪಟ್ಟಿಗೆ ಸೇರಿದೆ, ನಿನ್ನ ಅಳಿವೆಗಿಂತ 22 ವರ್ಷ ಮುಂಚೆ. ಆ ಕೆರೆಯ ನೀರುಗಂಟಿಯಾಗಿದ್ದ ಅಪ್ಪ ಬಿಟ್ಟ ನೀರು ಯಾವ ಹಕ್ಕಿಯ ಕಾಲು ತೊಳೆಯಿತೋ ಯಾರು ಬಲ್ಲರು. ನಿನ್ನದು ಪಡುವಣ ಕಡಲು, ನನ್ನದು ಮೂಡಣದ್ದು. ಲೆಕ್ಕ ಸಮ ಆಯಿತಲ್ಲ?

ಈಗ ನಿನ್ನೆಯ ಸಂಗತಿಗೆ ಬರುತ್ತೇನೆ. ಮೊದಲು ಹೋದದ್ದು ನಮ್ಮ ಕೆರೆಗೇ. ಯಳಂದೂರಿನಲ್ಲಿ ಬಸ್ಸಿಳಿದು ಆಟೋ ಹಿಡಿದೆ. ಏರಿ ಮೇಲೆ ಹೋಗಿ ನಿಂತಾಗ ಆರೂವರೆ. ಮಂಜು ಇನ್ನೂ ನೀರಿನ ಮೇಲೆ ಮಲಗಿತ್ತು, ಆಚೆಗೆ ಬಿಳಿಗಿರಿ ಬೆಟ್ಟದ ಸಾಲು ನೀಲಿಯಾಗಿ ಕಾಣುತ್ತಿತ್ತು. ನಿವೃತ್ತಿಯ ದುಡ್ಡಿನಲ್ಲಿ ಕೊಂಡ ಬೈನಾಕ್ಯುಲರ್ ತೆಗೆದು ಕಣ್ಣಿಗಿಟ್ಟರೆ ಬರೀ ಕತ್ತಲೆ. ಐದು ನಿಮಿಷ ತಿರುಗಿಸಿ ತಿರುಗಿಸಿ ನೋಡಿದ ಮೇಲೆ ಗೊತ್ತಾಯಿತು, ಮುಂದಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ 'ಕಣ್ಣು ತೆಗೆದು ನೋಡ್ರೋ' ಅಂತ ಬೈದವಳು ನಾನು!

ಮುಚ್ಚಳ ತೆಗೆದ ಮೇಲೆ ಸಿಕ್ಕಿದ ನೋಟವನ್ನು ಏನಂತ ಹೇಳಲಿ. ಕೆರೆಯ ನಟ್ಟನಡುವೆ ಬಣ್ಣದ ಕೊಕ್ಕರೆಗಳು. ಎಣಿಸಿದೆ, ಅರವತ್ತಮೂರು. ಹಳದಿ ಕೊಕ್ಕನ್ನು ಅರ್ಧ ತೆರೆದು ನೀರಲ್ಲಿ ಅದ್ದಿ, ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ ಮೀನು ತಡಕುತ್ತಿದ್ದವು. ಬೆನ್ನ ಕೊನೆಯ ಗುಲಾಬಿ ಗರಿಗೆ ಆಗತಾನೇ ಬಿಸಿಲು ತಾಗುತ್ತಿತ್ತು. ಅವುಗಳ ಪಕ್ಕದಲ್ಲೇ ಚಮಚದ ಕೊಕ್ಕಿನವು ಹತ್ತು ಹನ್ನೆರಡು. ಹೆಜ್ಜಾರ್ಲೆ ನಾಲ್ಕು. ದಡದ ಹುಲ್ಲಲ್ಲಿ ಜಂಬುಕೋಳಿ, ತಾವರೆ ಎಲೆ ಮೇಲೆ ನಡೆಯುವ ದೇವನಕೋಳಿ. ನನ್ನ ಪಟ್ಟಿ ಹತ್ತು ನಿಮಿಷಕ್ಕೆ ಇಪ್ಪತ್ತು ದಾಟಿತು. ಪುಟ್ಟಿಗೆ ತಕ್ಕ ಉತ್ತರ ಸಿಕ್ಕಿತು ಅಂತ ಬೀಗುತ್ತಿದ್ದೆ.

ಹತ್ತಿರದಲ್ಲೇ ಒಂದು ಬಾಯ್ಕಳಕ ನಿಂತಿತ್ತು. ಅದರ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ, ಅಡಿಕೆ ಕತ್ತರಿಯ ಹಾಗೆ. ಮರಿಗೆ ಆ ಸಂದು ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಕೆಸರಿಂದ ಒಂದು ಬಸವನಹುಳು ಎತ್ತಿತು. ಚಿಪ್ಪನ್ನು ಕಡಿದು ಪುಡಿ ಮಾಡುತ್ತದೆ ಅಂತ ನಾನು ಮಕ್ಕಳಿಗೆ ಪಾಠ ಹೇಳಿದ್ದೆ, ತಪ್ಪು ಕಣೇ. ಚಿಪ್ಪನ್ನು ಮೇಲಿನ ಕೊಕ್ಕಿನಿಂದ ಕೆಸರಿಗೆ ಒತ್ತಿ ಹಿಡಿದು, ಕೆಳಕೊಕ್ಕಿನ ಚೂಪು ತುದಿಯನ್ನು ಹುಳುವಿನ ಬಾಗಿಲ ಸಂದಿಗೆ ತೂರಿಸಿ, ಒಳಗಿನ ಮಾಂಸದ ಹಿಡಿತವನ್ನು ಕತ್ತರಿಸುತ್ತದೆ. ತಲೆ ಎತ್ತಿದಾಗ ಕೊಕ್ಕಿನಲ್ಲಿ ಮಾಂಸ ಮಾತ್ರ. ಚಿಪ್ಪು ಹಾಗೇ ಇಡಿಯಾಗಿ ಕೆಸರಲ್ಲಿ. ಅವ್ವ ಹಲಸಿನ ತೊಳೆ ಬಿಡಿಸುತ್ತಿದ್ದಳಲ್ಲ, ಅಷ್ಟು ನಾಜೂಕು.

ಇಷ್ಟು ಹೊತ್ತು ನಾನು ಬೈನಾಕ್ಯುಲರಿನಲ್ಲಿ ನೋಡುತ್ತಿದ್ದೆ. ಕಣ್ಣು ನೋಯಿತು, ಇಳಿಸಿದೆ. ಬರಿಗಣ್ಣಲ್ಲಿ ಇಡೀ ಕೆರೆ ಕಂಡಾಗ ಅಪ್ಪನ ಮಾತು ಕಿವಿಗೆ ಬಿತ್ತು ನೋಡು: 'ಹಕ್ಕೀನ ನೋಡ್ಬ್ಯಾಡ ಕನವ್ವ, ಅದರ ಕಾಲ ನೋಡು.'

ನಿನಗೆ ನೆನಪಿರಬೇಕು, ಅಪ್ಪ ನಮಗೆ ಒಂದು ಹಕ್ಕಿಯ ಹೆಸರನ್ನೂ ಸರಿಯಾಗಿ ಹೇಳಿಕೊಡಲಿಲ್ಲ. ಬಿಳಿಯದೆಲ್ಲ ಬೆಳ್ಳಕ್ಕಿ, ಕಪ್ಪಗೆ ಮುಳುಗುವುದೆಲ್ಲ ನೀರ್ಕಾಗೆ, ಎತ್ತರದ ಕಾಲಿನದೆಲ್ಲ ಕೊಕ್ಕರೆ. ಅಷ್ಟೇ ಅವರ ಪಕ್ಷಿಶಾಸ್ತ್ರ. ಆದರೆ ನೀರುಗಂಟಿಗೆ ಬೇಕಾದದ್ದು ನೀರು. ಬೆಳ್ಳಕ್ಕಿಯ ಹೊಟ್ಟೆ ಮುಟ್ಟಿದರೆ ಗೇಣು ನೀರು, ಕೊಕ್ಕರೆಯ ಹೊಟ್ಟೆ ಮುಟ್ಟಿದರೆ ಸುಮಾರು ಮೊಳ. ಗುಳುಮುಳುಕ ಮುಳುಗಿ ಇನ್ನೆಲ್ಲೋ ಏಳುತ್ತಿದ್ದರೆ ಅದಕ್ಕಿಂತ ಆಳ. ಟಿಟ್ಟಿಭ ಕೆರೆಯಂಗಳದ ಯಾವ ಮಟ್ಟದಲ್ಲಿ ಮೊಟ್ಟೆ ಇಟ್ಟಿದೆ ಅಂತ ನೋಡಿ ಮಳೆಯ ಮಾತಾಡುತ್ತಿದ್ದರು, ಅದು ಒಂದೊಂದು ವರ್ಷ ಸುಳ್ಳೂ ಆಗುತ್ತಿತ್ತು. ಆದರೆ ಕಾಲಿನ ಅಳತೆ ಮಾತ್ರ ಸುಳ್ಳಾಗಿದ್ದು ನನಗೆ ಗೊತ್ತಿಲ್ಲ.

ಆ ವರ್ಷದ ಜಗಳ ನೆನಪಿದೆಯಾ? ನೀನಾಗ ಆರನೇ ಕ್ಲಾಸೋ ಏಳೋ. ಬೇಸಿಗೆ ಭತ್ತಕ್ಕೆ ನೀರು ಬಿಡಬೇಕು ಅಂತ ಅಚ್ಚುಕಟ್ಟಿನವರೆಲ್ಲ ಏರಿ ಮೇಲೆ ಸೇರಿದ್ದರು. ತೂಬಿನ ಹತ್ತಿರದ ಮಟ್ಟದ ಕಲ್ಲಿನಲ್ಲಿ ನೀರು ಗುರುತಿಗಿಂತ ಮೇಲಿತ್ತು. ಕಲ್ಲೇ ಹೇಳುತ್ತಿದೆ, ಇನ್ನೇನು ಬೇಕು ಅಂತ ಅವರು. ಅಪ್ಪ ಒಪ್ಪಲಿಲ್ಲ. ಹೋದ ವರ್ಷ ಗುಳುಮುಳುಕ ಮುಳುಗುತ್ತಿದ್ದ ಕಡೆ ಈ ವರ್ಷ ಕೊಕ್ಕರೆ ನಿಂತಿದೆ, ನಡುಗೆರೆ ಹೂಳು ತುಂಬಿಕೊಂಡಿದೆ, ಈ ನೀರು ಒಂದು ಬೆಳೆಗೆ ಸಾಲಲ್ಲ, ಅರ್ಧಕ್ಕೆ ಬಿಟ್ಟು ಎಲ್ಲರ ಪೈರೂ ಒಣಗಿಸ್ಬ್ಯಾಡಿ ಅಂದರು. ಯಾರೋ ನಕ್ಕರು. ಆಗ ಹೇಳಿದ್ದು: 'ಕಲ್ಲು ಸುಳ್ಳು ಹೇಳ್ತದ. ಕಾಲು ಸುಳ್ಳು ಹೇಳಲ್ಲ.'

ಆ ಮಾತಿನ ಗುಟ್ಟು ನನಗೆ ನಿನ್ನೆಯವರೆಗೆ ಪೂರ್ತಿ ತಿಳಿದಿರಲಿಲ್ಲ. ತೂಬು ಇರುವುದೇ ಕೆರೆಯ ತೀರ ತಗ್ಗಿನಲ್ಲಿ. ಕಲ್ಲು ಅಳೆಯುವುದು ಅಲ್ಲಿನ ಎತ್ತರವನ್ನು. ಹೊಟ್ಟೆಯೊಳಗೆ ಎಷ್ಟು ನೀರು, ಎಷ್ಟು ಮಣ್ಣು ಅನ್ನುವುದು ಕಲ್ಲಿಗೆ ಗೊತ್ತಾಗುವುದಿಲ್ಲ. ಪಾತ್ರೆಗೆ ಅರ್ಧ ಮರಳು ಸುರಿದು ನೀರು ತುಂಬಿದರೂ ಕಂಠದ ಗೆರೆ ಮುಟ್ಟುತ್ತದಲ್ಲ, ಹಾಗೆ. ಕೊಕ್ಕರೆ ನಡುಗೆರೆಗೇ ಹೋಗಿ ನಿಲ್ಲುತ್ತದೆ, ಅದರ ಕಾಲು ಮಣ್ಣಿನ ಮೇಲೇ ಊರಿರುತ್ತದೆ.

ಈಗ ನೀನೇ ಹೇಳು, ನಾನು ಎಣಿಸಿ ಬೀಗಿದ ಆ ಅರವತ್ತಮೂರು ಕೊಕ್ಕರೆಗಳು ಎಲ್ಲಿ ನಿಂತಿದ್ದವು? ನಟ್ಟನಡುವೆ. ಜನವರಿ ತಿಂಗಳಲ್ಲಿ! ಎದೆ ಝಲ್ಲೆಂದಿತು. ಹರಿಗೋಲಿನಲ್ಲಿ ಬಲೆ ಎತ್ತುತ್ತಿದ್ದ ಹುಡುಗನನ್ನು ಕೂಗಿ, ನಡುವೆ ಎಷ್ಟು ಆಳ ಇದೆ ಮಗಾ ಅಂದೆ. ಅವನು ಗಳ ಊರಿ ಎತ್ತಿ, ಒದ್ದೆಯಾದ ಗುರುತಿಗೆ ಬೆರಳಿಟ್ಟು ತೋರಿಸಿದ. ಅವನ ಮಂಡಿಗಿಂತ ಒಂಚೂರು ಕೆಳಗೆ. ನಮ್ಮ ಕಾಲದಲ್ಲಿ ಅಲ್ಲಿ ಎಮ್ಮೆ ಈಜುತ್ತಿದ್ದವು.

ಹೂಳು ಎತ್ತಿಲ್ಲವೇ ಅಂದರೆ, ಎತ್ತಿದ್ದಾರೆ. ಯಾರೋ ಇಟ್ಟಿಗೆ ಗೂಡಿಗೆ ಅಂಚಿನ ಒಳ್ಳೆ ಜೇಡಿ ತೋಡಿ ಸಾಗಿಸಿದ್ದಾರೆ. ಅಂಚಿನಲ್ಲಿ ಬಾವಿಯಂಥ ಗುಂಡಿ, ನಡುವೆ ದಿಬ್ಬ. ಅಪ್ಪ ಹೇಳುತ್ತಿದ್ದದ್ದು ತಿರುಗಾಮುರುಗಾ ಆಗಿದೆ: 'ಕೆರೆ ಬಾಣಲಿ ಥರ ಇರ್ಬೇಕು, ಬಕೀಟು ಥರ ಅಲ್ಲ.' ಬಾಣಲಿಯಾದರೆ ಅಂಚಲ್ಲಿ ಬೆಳ್ಳಕ್ಕಿ, ಆಮೇಲೆ ಕೊಕ್ಕರೆ, ನಡುವೆ ಮುಳುಕ, ಎಲ್ಲರಿಗೂ ಅವರವರ ಕಾಲಿಗೆ ತಕ್ಕ ಜಾಗ. ಪಟ್ಟಿ ಬರೆದ ಪುಸ್ತಕ ಮುಚ್ಚಿ ಜೋಳಿಗೆಗೆ ಹಾಕಿದೆ. ಒಂದೇ ಕೆರೆ, ಒಂದೇ ಬೆಳಗು. ಹಕ್ಕಿ ನೋಡುವವಳಿಗೆ ಹಬ್ಬ, ನೀರುಗಂಟಿಯ ಮಗಳಿಗೆ ಸೂತಕ. ಎರಡೂ ನಾನೇ.

ಪಟ್ಟೆತಲೆ ಹೆಬ್ಬಾತು ಬಂದಿರಬಹುದು ಅಂತಲೂ ಹುಡುಕಿದ್ದೆ. ಇರಲಿಲ್ಲ. ಅವನ್ನು ನಾನು ಕಣ್ತುಂಬ ನೋಡಿದ್ದು ಎರಡು ವರ್ಷದ ಕೆಳಗೆ, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ. ಜೊತೆಗೆ ಒಡೆಯರಪಾಳ್ಯದ ಟಿಬೆಟಿನ ಅಜ್ಜಿಯೊಬ್ಬರಿದ್ದರು. ನಾನು ಹನೂರಿನ ಆ ಭಾಗದ ಸ್ಕೂಲಿನಲ್ಲಿದ್ದಾಗಿನ ಪರಿಚಯ. 70ರ ದಶಕದಲ್ಲಿ ಅಲ್ಲಿ ಅವರ ಶಿಬಿರ ಆದಾಗ ಕೈಕೂಸು ಎತ್ತಿಕೊಂಡು ಬಂದಿಳಿದವರು. ಹೆಬ್ಬಾತುಗಳು ರಾತ್ರಿಯೆಲ್ಲ ಗದ್ದೆಯಲ್ಲಿ ಮೇಯ್ದು ಬೆಳಗಾದರೆ ಕೆರೆಗೆ ಬಂದು ಕೂರುತ್ತವೆ. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವಾಗ 7 ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಇದನ್ನೆಲ್ಲ ನಾನು ಪಾಠದಂತೆ ಒಪ್ಪಿಸಿದೆ. ಅಜ್ಜಿ ಜಪಮಣಿ ಎಣಿಸುತ್ತಾ ಕೇಳಿಸಿಕೊಂಡು, ನಮ್ಮ ಹನೂರಿನ ಕನ್ನಡದಲ್ಲೇ ಅಂದರು: 'ಇವು ಮಾರ್ಚಿಗೆ ವಾಪಸ್ ಹೋಯ್ತವೆ ಟೀಚರಮ್ಮ. ನಾವು ಹೋಗ್ನಿಲ್ಲ.' ನನ್ನ ಬಾಯಿ ಕಟ್ಟಿತು.

ನಿನ್ನೆ ಮಧ್ಯಾಹ್ನದ ಬಸ್ಸಿಗೆ ಬಿಳಿಗಿರಿ ಬೆಟ್ಟಕ್ಕೆ ಹೋದೆ. ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿದರೆ ಗಾಳಿಯೇ ಬೇರೆ. ಕೃಷ್ಣಯ್ಯನ ಕಟ್ಟೆ ಹಿಂದಕ್ಕೆ ಸರಿದು, ಕುರುಚಲು ಕಾಡು ಹೋಗಿ ಎತ್ತರದ ಮರಗಳು ಬಂದವು. ಈ ಬೆಟ್ಟದಲ್ಲಿ 250ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ನಡುವೆ ಸೇತುವೆಯ ಹಾಗೆ ಕೂತಿರುವುದೇ ಅದರ ಹೆಚ್ಚುಗಾರಿಕೆ. ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೆ ಮಾಡುವಾಗ ಇಲ್ಲಿಗೂ ಬಂದು, ಕಾಫಿ ಎಸ್ಟೇಟಿನ ಮಾರಿಸ್ ಅವರ ಮನೆಯಲ್ಲಿ ಉಳಿದಿದ್ದರು. ಆಗ ಯಳಂದೂರು ಮೈಸೂರಿನದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ನಮ್ಮ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯದು, 1956ರವರೆಗೂ. ಕೊಳ್ಳೇಗಾಲದಿಂದ ಬಂದ ಅವ್ವನನ್ನು ನಮ್ಮ ಅಜ್ಜಿ ಕೊನೆತನಕ 'ಮದ್ರಾಸಿನ ಸೊಸೆ' ಅಂತ ಹಂಗಿಸುತ್ತಿದ್ದದ್ದು ಇದಕ್ಕೇ. ಮಂಗಟ್ಟೆಗೆ ಆ ಗಡಿ ಗೊತ್ತಿತ್ತೇ? ಬೆಳಿಗ್ಗೆ ಮೈಸೂರಿನ ಹಣ್ಣು ತಿಂದು ಸಂಜೆಗೆ ಮದ್ರಾಸಿನಲ್ಲಿ ಬೀಜ ಉದುರಿಸುತ್ತಿತ್ತು.

ರಾತ್ರಿ ಉಳಿದದ್ದು ಕಾಡೊಳಗಿನ ಪೋಡಿನಲ್ಲಿ, ನನ್ನ ಹಳೇ ವಿದ್ಯಾರ್ಥಿಯ ಮನೆಯಲ್ಲಿ. ಸೋಲಿಗರ ಹುಡುಗ, ಈಗ ಅವನಿಗೇ ಮದುವೆಗೆ ಬಂದ ಮಗಳಿದ್ದಾಳೆ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಮುದಾಯಕ್ಕೆ ಅರಣ್ಯ ಹಕ್ಕಿನ ಪತ್ರವೂ ಸಿಕ್ಕಿತು. ಅವನು ಆ ಪತ್ರದ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ರಂಗಸ್ವಾಮಿಯ ಪಟದ ಹಿಂದೆ ಇಟ್ಟಿದ್ದಾನೆ. 'ಭಾವ ಕಾಯ್ಕೊತಾನೆ' ಅಂದ. ಅವರ ಕುಲದ ಹುಡುಗಿ ಕುಸುಮಾಲೆಯನ್ನು ಕೈಹಿಡಿದ ರಂಗನಾಥ ಅವರಿಗೆ ದೇವರೂ ಹೌದು, ಮನೆಯ ಅಳಿಯನೂ ಹೌದು.

ಬೆಳಿಗ್ಗೆ ಅಂಗಳದಲ್ಲಿ ಕೂತು ಬರಗಾಪಿ ಕುಡಿಯುತ್ತಿದ್ದೆವು. ಇಬ್ಬನಿ ಮರದಿಂದ ತೊಟ್ಟಿಕ್ಕುತ್ತಿತ್ತು. ಕಾಡಿನೊಳಗಿಂದ ಪನ್ನಗಾರಿ ಗಿಡುಗದ ಕೀರಲು ಶಿಳ್ಳೆ ಕೇಳಿತು. ಥಟ್ಟನೆ ಪುಸ್ತಕ ತೆಗೆದು ಬರೆದೆ. ಅವನು ಬಗ್ಗಿ ನೋಡಿ, ಲೋಟ ಕೆಳಗಿಟ್ಟು ನಕ್ಕ.

'ಗಿಡುಗ ಅಲ್ಲ ಮೇಡಂ, ಭೀಮರಾಜ.'

'ಹೆಂಗೆ ಹೇಳ್ತೀಯಾ? ಕಂಡಿತಾ?'

'ಕಾಣೋದ್ಯಾಕೆ? ಗಿಡುಗ ಕೂಗೋದು ಮ್ಯಾಲಿಂದ, ಇದು ಮರದೊಳಗಿಂದ. ಬಿಸಿಲು ಕಾಯ್ದೆ ಗಿಡುಗ ಮ್ಯಾಲೆ ಎದ್ದಾದಾ? ನೋಡಿ, ಇಬ್ಬನಿನೇ ಇನ್ನೂ ಆರಿಲ್ಲ.'

ಅವನ ಮಾತು ಮುಗಿಯುವುದಕ್ಕೂ ಅದೇ ಗಂಟಲು ಕೆಂದಳಿಲಿನ ಹಾಗೆ ಚಟಚಟ ಬೈಯುವುದಕ್ಕೂ ಸರಿಹೋಯಿತು. ಆಮೇಲೆ ಮತ್ಯಾವುದೋ ಹಕ್ಕಿ. ಕೊನೆಗೆ ಕರ್ರಗೆ ಮಿರುಗುವ ಭೀಮರಾಜನೇ ಹೊರಗೆ ಹಾರಿದ. ಬಾಲದ ಎರಡು ತಂತಿಗರಿಯ ತುದಿಯಲ್ಲಿ ಒಂದೊಂದು ಬಿಲ್ಲೆ, ಎರಡು ದುಂಬಿಗಳು ಹಿಂದೆಯೇ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ. ನನ್ನ ವಿದ್ಯಾರ್ಥಿ ಅದನ್ನು ಕಣ್ಣಲ್ಲೂ ನೋಡಲಿಲ್ಲ, ಕಿವಿಯನ್ನೂ ಪೂರ್ತಿ ನಂಬಲಿಲ್ಲ. ಇಬ್ಬನಿಯನ್ನು ಕೇಳಿ ಹಕ್ಕಿಯನ್ನು ಹೇಳಿದ. ನನಗೆ ತೂಬಿನ ಮೇಲೆ ಬೀಡಿ ಹಚ್ಚಿಕೊಂಡು ಕೂತ ಅಪ್ಪನೇ ಕಂಡಂತಾಯಿತು.

ಹೊರಡುವಾಗ ಅಂಗಳದಾಚೆಗಿನ ಲಂಟಾನ ತೋರಿಸಿದ. ಆಳೆತ್ತರ, ಗೋಡೆ ಕಟ್ಟಿದ ಹಾಗೆ. ಅವನ ತಾತಂದಿರು ಬೇಸಿಗೆಯಲ್ಲಿ ಸಣ್ಣಗೆ ತರಗಿಗೆ ಬೆಂಕಿ ಕೊಡುತ್ತಿದ್ದರಂತೆ, ಹುಲ್ಲು ಚಿಗುರುತ್ತಿತ್ತಂತೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು, ಲಂಟಾನ ಏರಿತು ಅನ್ನುತ್ತಾನೆ. 'ಈಗ ನೆಲ ಕಾಣ್ದು ಮೇಡಂ. ನೆಲದ ಮ್ಯಾಲೆ ಓಡಾಡೋ ಹಕ್ಕಿ ಏನ್ ಮಾಡಾವು?' ಅವನೂ ಹಕ್ಕಿಯ ಕಾಲಿನ ಮಾತೇ ಆಡುತ್ತಿದ್ದಾನೆ ನೋಡು. ಹಕ್ಕಿಗೆ ರೆಕ್ಕೆ ಇದೆ, ಎಲ್ಲಿಗಾದರೂ ಹಾರಿಹೋಗುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಹಾರಿದ್ದು ಎಲ್ಲಾದರೂ ಇಳಿಯಲೇಬೇಕು. ಅಲ್ಲಿ ಕಾಲೂರಲು ಅದಕ್ಕೆ ತಕ್ಕಷ್ಟು ನೀರೋ ನೆಲವೋ ಇರಬೇಕು.

ಇಳಿಯುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಿನ್ನ ಪಟ್ಟಿಯನ್ನೂ ನನ್ನ ಪಟ್ಟಿಯನ್ನೂ ಎದುರಿಗಿಟ್ಟು ನೋಡಿದೆ. ನಿನ್ನದು 42. ಬೆಟ್ಟದ್ದೂ ಸೇರಿ ನನ್ನದು 51, ಗಿಡುಗವನ್ನು ಹೊಡೆದುಹಾಕಿದ ಮೇಲೆ. ಗೆದ್ದೆ ಅಂತ ಬರೆಯೋಣ ಅಂದುಕೊಂಡೆ, ಮನಸ್ಸು ಬರಲಿಲ್ಲ. ಎರಡೂ ಹೆಸರಿನ ಪಟ್ಟಿಗಳೇ. ಅಪ್ಪ ಇದ್ದಿದ್ದರೆ ಎರಡನ್ನೂ ಮಡಚಿ ಬೀಡಿ ಹಚ್ಚುವುದಕ್ಕೆ ಇಟ್ಟುಕೊಳ್ಳುತ್ತಿದ್ದರು.

ನಾಳೆ ಪಂಚಾಯಿತಿ ಆಫೀಸಿಗೆ ಹೋಗಿ ಒಂದು ಅರ್ಜಿ ಕೊಡುತ್ತೇನೆ. ಹೂಳು ಎತ್ತುವುದಾದರೆ ನಡುಗೆರೆಯಿಂದ ಎತ್ತಿ, ಅಂಚನ್ನು ಇಳಿಜಾರಾಗಿ ಬಿಡಿ ಅಂತ. ನಿವೃತ್ತ ಮೇಷ್ಟ್ರಮ್ಮನ ಮಾತು ಕೇಳುತ್ತಾರೋ ಇಲ್ಲವೋ. ಆಳಕ್ಕೆ ಸಾಕ್ಷಿ ಏನು ಅಂದರೆ ಅರವತ್ತಮೂರು ಕೊಕ್ಕರೆ ಅನ್ನುತ್ತೇನೆ. ನಗಲಿ. ಅಪ್ಪನಿಗೂ ನಕ್ಕಿದ್ದರಲ್ಲ. ಆ ವರ್ಷ ಅವರ ಮಾತು ಮೀರಿ ತೂಬು ಎತ್ತಿಸಿದರು, ತೆನೆ ಹಾಲುಗಟ್ಟುವ ಹೊತ್ತಿಗೆ ಕೆರೆ ಬರಿದಾಯಿತು. ಅಪ್ಪ ಯಾರಿಗೂ ಒಂದು ಮಾತು ಆಡಲಿಲ್ಲ, ನಮ್ಮ ಮನೆ ಬಾವಿ ನೀರನ್ನೇ ಹಂಚಿದರು.

ನೀನು ಮತ್ತೆ ಅಳಿವೆಗೆ ಹೋಗುತ್ತೀಯಲ್ಲ, ನನಗೊಂದು ಕೆಲಸ ಮಾಡಿಕೊಡು. ಈ ಸಲ ಹೆಸರು ಕಳಿಸಬೇಡ. ಇಳಿತ ಶುರುವಾದಾಗ ಒಂದೇ ಬೆಳ್ಳಕ್ಕಿಯನ್ನು ನೋಡುತ್ತಾ ಕೂತಿರು. ಮೊದಲು ನೀರು ಅದರ ಕಾಲಿನ ಎಲ್ಲಿಯವರೆಗೆ ಇತ್ತು, ಗಂಟೆ ಕಳೆದ ಮೇಲೆ ಎಲ್ಲಿಯವರೆಗೆ ಇತ್ತು, ಅದು ನೀರಿನ ಹಿಂದೆ ಎಷ್ಟು ಹೆಜ್ಜೆ ಹೋಯಿತು, ಅಷ್ಟು ಬರೆ. ಗೇಣಿನಲ್ಲಾದರೂ ಸರಿ, ಸೆಂಟಿಮೀಟರಿನಲ್ಲಾದರೂ ಸರಿ. ನಮ್ಮ ಕೆರೆಗೆ ವರ್ಷಕ್ಕೊಂದು ಸಲ ಆಗುವುದು ನಿನ್ನ ಅಳಿವೆಗೆ ದಿನಕ್ಕೆ ಎರಡು ಸಲ ಆಗುತ್ತದೆ. ಅಪ್ಪ ನೋಡಿದ್ದರೆ ಅಲ್ಲಿಂದ ಏಳುತ್ತಿರಲಿಲ್ಲ.

ಯಜಮಾನರಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಮುತ್ತು. ಶಿವರಾತ್ರಿಗೆ ಬಂದೇ ಬರಬೇಕು. ಅಷ್ಟರಲ್ಲಿ ಆ ಕೊಕ್ಕರೆಗಳು ಎಷ್ಟರ ಮಟ್ಟದ ನೀರಲ್ಲಿ ನಿಂತಿರುತ್ತವೋ, ಇಬ್ಬರೂ ಏರಿ ಮೇಲೆ ನಿಂತು ನೋಡೋಣ. ಬೈನಾಕ್ಯುಲರ್ ಬೇಡ, ಬರಿಗಣ್ಣು ಸಾಕು.

ಇತಿ ನಿನ್ನ
ಅಕ್ಕ